ಆನ್‌ಲೈನ್ ಅಂಗಡಿಗೆ ಓಪನ್ ಸೋರ್ಸ್ ಸಾಫ್ಟ್‌ವೇರೋ, ದುಡ್ಡು ಕಟ್ಟಿ ಪಡೆಯುವ ಸೇವೆಯೋ? ಆರಿಸಿಕೊಳ್ಳುವ ಬಗೆ

ಆನ್‌ಲೈನ್ ಅಂಗಡಿ ತೆರೆಯಲು ಹೊರಟವರು ಮೊದಲು ಕೇಳುವುದು ಇದನ್ನೇ: ವೂಕಾಮರ್ಸ್ ಒಳ್ಳೆಯದೋ, ಶಾಪಿಫೈ ಒಳ್ಳೆಯದೋ? ಎರಡೂ ಆನ್‌ಲೈನ್ ಅಂಗಡಿ ಕಟ್ಟಿಕೊಳ್ಳಲು ಬಳಸುವಂಥವು. ವೂಕಾಮರ್ಸ್ ಪುಕ್ಕಟೆ ಸಿಗುತ್ತದೆ, ಶಾಪಿಫೈಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಹಾಗಾದರೆ ಪುಕ್ಕಟೆಯದೇ ಸಾಕಲ್ವಾ ಅನ್ನಿಸುವುದು ಸಹಜ. ಆದರೆ ಎರಡರಲ್ಲೂ ಖರ್ಚಿದೆ, ಎರಡರಲ್ಲೂ ಕೆಲಸವಿದೆ. ಅದು ಯಾರ ತಲೆಯ ಮೇಲೆ ಬೀಳುತ್ತದೆ ಅನ್ನುವುದಷ್ಟೇ ಬೇರೆ. ಹಾಗಾಗಿ ಎರಡು ಪ್ರಶ್ನೆ ಹಾಕಿಕೊಳ್ಳಿ. ಅಂಗಡಿ ಕೈಕೊಟ್ಟ ದಿನ ಅದನ್ನು ಸರಿ ಮಾಡುವವರು ಯಾರು? ನಾಳೆ ಬಿಟ್ಟು ಹೊರಡಬೇಕಾದರೆ ನಮ್ಮದೆಲ್ಲ ನಮ್ಮ ಜೊತೆ ಬರುತ್ತದಾ? ಇವಕ್ಕೆ ಉತ್ತರ ಸಿಕ್ಕರೆ ಸಾಫ್ಟ್‌ವೇರ್ ಹೆಸರು ಆರಿಸುವುದು ಕಷ್ಟವಲ್ಲ.

ಮೊದಲು ಯಾವುದು ಏನು ಅಂತ ತಿಳಿದುಕೊಳ್ಳಿ

ಓಪನ್ ಸೋರ್ಸ್ ಅಂದರೆ ಸಾಫ್ಟ್‌ವೇರಿನ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಇಳಿಸಿಕೊಂಡು, ನಿಮ್ಮ ಸರ್ವರ್‌ನಲ್ಲಿ ಹಾಕಿ, ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಈ ಬಗೆಯ ಸಾಫ್ಟ್‌ವೇರ್ ಹೊಸದೇನಲ್ಲ. ಓಎಸ್‌ಕಾಮರ್ಸ್ 2000ದಲ್ಲೇ ಶುರುವಾಯಿತು. ಪ್ರೆಸ್ಟಾಶಾಪ್ 2007ರಲ್ಲಿ, ಮಜೆಂಟೊ 2008ರಲ್ಲಿ ಬಂದವು. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಮೇಲೆ ಕೂರುವ ವೂಕಾಮರ್ಸ್ 2011ರಲ್ಲಿ ಬಂತು. ಓಪನ್‌ಕಾರ್ಟ್ ಕೂಡ ಇದೇ ಗುಂಪಿನದು.

ಇನ್ನೊಂದು ಕಡೆ ಬಾಡಿಗೆ ಸೇವೆಗಳಿವೆ. ಶಾಪಿಫೈ, ಬಿಗ್‌ಕಾಮರ್ಸ್, ವಿಕ್ಸ್ ಇಂಥವು. ಸರ್ವರ್ ಅವರದು, ಕೋಡ್ ಅವರದು. ನೀವು ಲಾಗಿನ್ ಆಗಿ ವಸ್ತು ಸೇರಿಸಿ ಮಾರುತ್ತೀರಿ. ಇದೂ ಇತ್ತೀಚಿನದಲ್ಲ. 1995ರಲ್ಲೇ ವಯಾವೆಬ್ ಅನ್ನುವ ಕಂಪನಿ ಬ್ರೌಸರ್‌ನಲ್ಲೇ ಅಂಗಡಿ ಕಟ್ಟುವ ವ್ಯವಸ್ಥೆ ಮಾಡಿತ್ತು. 1998ರಲ್ಲಿ ಯಾಹೂ ಅದನ್ನು ಕೊಂಡು ಯಾಹೂ ಸ್ಟೋರ್ ಅಂತ ನಡೆಸಿತು.

ಇವೆರಡರ ನಡುವೆ ಮೂರನೆಯ ದಾರಿಯೂ ಇದೆ. ಜನ ಅದನ್ನು ಮರೆಯುತ್ತಾರೆ. ಸಾಫ್ಟ್‌ವೇರ್ ಓಪನ್ ಸೋರ್ಸೇ ಆಗಿರುತ್ತದೆ, ಆದರೆ ಸರ್ವರ್, ಬ್ಯಾಕಪ್, ಅಪ್‌ಡೇಟ್ ಎಲ್ಲವನ್ನೂ ಒಂದು ಹೋಸ್ಟಿಂಗ್ ಕಂಪನಿ (ಸರ್ವರ್ ಬಾಡಿಗೆಗೆ ಕೊಡುವ ಕಂಪನಿ) ನೋಡಿಕೊಳ್ಳುತ್ತದೆ. ಇದಕ್ಕೆ ಮ್ಯಾನೇಜ್ಡ್ ಹೋಸ್ಟಿಂಗ್ ಅನ್ನುತ್ತಾರೆ. ಸಾದಾ ಹೋಸ್ಟಿಂಗ್‌ಗಿಂತ ಖರ್ಚು ಜಾಸ್ತಿ. ಆದರೂ ಸಣ್ಣ, ಮಧ್ಯಮ ಅಂಗಡಿಗಳಿಗೆ ಇದು ತುಂಬಾ ಸಲ ಸರಿಯಾಗಿ ಹೊಂದುತ್ತದೆ.

ಮೆಡೂಸಾ, ಸೇಲಿಯರ್, ಸಿಲಿಯಸ್ ಅನ್ನುವ ಹೆಸರುಗಳೂ ಕಿವಿಗೆ ಬೀಳಬಹುದು. ಇವು ಡೆವಲಪರ್‌ಗಳಿಗಾಗಿಯೇ ಮಾಡಿದವು. ಖಾಯಂ ಡೆವಲಪರ್ ತಂಡ ಇಲ್ಲದಿದ್ದರೆ ಸದ್ಯಕ್ಕೆ ಬಿಟ್ಟುಬಿಡಿ.

ಹಂತ 1: ನಿಮ್ಮ ಅಂಗಡಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ

ಒಂದು ಹಾಳೆ ತಗೊಂಡು ಬರೆಯಿರಿ. ಎಷ್ಟು ಬಗೆಯ ವಸ್ತು? ಒಂದೊಂದರಲ್ಲಿ ಎಷ್ಟು ಸೈಜು, ಎಷ್ಟು ಬಣ್ಣ? ದಿನಕ್ಕೆ ಎಷ್ಟು ಆರ್ಡರ್ ಬರಬಹುದು? ಹಣ ಯಾವ ಯಾವ ಬಗೆಯಲ್ಲಿ ತಗೊಳ್ಳಬೇಕು? ತೆರಿಗೆ ಲೆಕ್ಕ ಹೇಗೆ? ಯಾವ ಭಾಷೆಗಳಲ್ಲಿ ಅಂಗಡಿ ಬೇಕು? ಈಗಾಗಲೇ ಬಳಸುತ್ತಿರುವ ಲೆಕ್ಕಪತ್ರದ ಸಾಫ್ಟ್‌ವೇರ್ ಇದ್ದರೆ ಅದಕ್ಕೆ ಜೋಡಿಸಬೇಕಾ?

ಈಗ ಎಲ್ಲ ಅಂಗಡಿಯಲ್ಲೂ ಇರುವ ಸಂಗತಿಗಳನ್ನು ಹೊಡೆದು ಹಾಕಿ. ಉಳಿದದ್ದೇ ನಿಮ್ಮ ನಿಜವಾದ ಅಗತ್ಯ. ಮೂರು ಸೈಜು, ನಾಲ್ಕು ಬಣ್ಣದ ಅಂಗಿ ಮಾರುವುದಾದರೆ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಕಿಟಕಿಯ ಪರದೆ ಮಾರುತ್ತೀರಿ ಅಂದುಕೊಳ್ಳಿ. ಗಿರಾಕಿ ಅಗಲ, ಉದ್ದ ಹಾಕಬೇಕು, ಬಟ್ಟೆ ಆರಿಸಬೇಕು, ಒಳಪದರ ಬೇಕಾ ಬೇಡವಾ ಹೇಳಬೇಕು. ಆಮೇಲೆ ಬೆಲೆ ಲೆಕ್ಕವಾಗಬೇಕು. ಇಂಥ ಕಡೆ ಬಾಡಿಗೆ ಸೇವೆಗಳು ಬಿಗಿಯಾಗುತ್ತವೆ. ಶಾಪಿಫೈನಲ್ಲಿ ಒಂದು ವಸ್ತುವಿಗೆ ಸೈಜು, ಬಣ್ಣದಂಥ ಮೂರು ಬಗೆಯ ಆಯ್ಕೆಗಳವರೆಗೆ ಮಾತ್ರ ನೇರವಾಗಿ ಕೊಡಬಹುದು. ನಾಲ್ಕನೆಯದು ಬೇಕಾದರೆ ಬೇರೆಯವರ ಆ್ಯಪ್ ಹಾಕಿಕೊಳ್ಳಬೇಕು, ಅದಕ್ಕೆ ಸಾಮಾನ್ಯವಾಗಿ ತಿಂಗಳ ಶುಲ್ಕ ಬೇರೆ.

ಓಪನ್ ಸೋರ್ಸ್‌ನಲ್ಲಿ ಇಂಥ ಲೆಕ್ಕವನ್ನು ನಮಗೆ ಬೇಕಾದ ಹಾಗೆ ಬರೆಸಿಕೊಳ್ಳಬಹುದು. ಆದರೆ ಒಂದು ಎಚ್ಚರ. ಕೋಡ್ ತೆರೆದಿದೆ ಅಂತ ಮೂಲ ಫೈಲುಗಳಿಗೇ ಕೈ ಹಾಕಲು ಬಿಡಬೇಡಿ. ಮುಂದಿನ ಅಪ್‌ಡೇಟ್ ಬಂದಾಗ ಆ ಬದಲಾವಣೆ ಅಳಿಸಿ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಅಪ್‌ಡೇಟೇ ಮಾಡದೆ ಬಿಡುವವರಿದ್ದಾರೆ, ಅದು ಇನ್ನೂ ಅಪಾಯ. ಬದಲಾವಣೆ ಏನಿದ್ದರೂ ಪ್ರತ್ಯೇಕ ಪ್ಲಗಿನ್ (ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಆಗಿ ಅಥವಾ ಚೈಲ್ಡ್ ಥೀಮ್ (ಅಂಗಡಿಯ ನೋಟ ಕೊಡುವ ಥೀಮ್ ಮೇಲೆ ಹಾಕುವ ಪ್ರತ್ಯೇಕ ಪದರ) ಒಳಗೆ ಬರಲಿ. ಡೆವಲಪರ್‌ಗೆ ಕೆಲಸ ಒಪ್ಪಿಸುವಾಗಲೇ ಇದನ್ನು ಬರೆದು ಹೇಳಿ.

ಹಂತ 2: ಕೆಲಸ ಯಾರದು ಅಂತ ಹೆಸರು ಬರೆಯಿರಿ

ನನ್ನ ಪ್ರಕಾರ ತೀರ್ಮಾನವಾಗುವುದು ಇಲ್ಲೇ. ನೀವೇ ನಡೆಸುವ ಓಪನ್ ಸೋರ್ಸ್ ಅಂಗಡಿಯಲ್ಲಿ ಸರ್ವರ್, ಪಿಎಚ್‌ಪಿ (ಈ ಸಾಫ್ಟ್‌ವೇರ್‌ಗಳನ್ನು ಬರೆದ ಭಾಷೆ) ಆವೃತ್ತಿ, ಡೇಟಾಬೇಸ್, ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟಿನ ಸಂಪರ್ಕ ಸುರಕ್ಷಿತವಾಗಿಡುವಂಥದು), ಬ್ಯಾಕಪ್, ಮೂಲ ಸಾಫ್ಟ್‌ವೇರ್, ಥೀಮ್, ಒಂದೊಂದು ಪ್ಲಗಿನ್ ಎಲ್ಲವನ್ನೂ ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು. ಮಜೆಂಟೊ ಆದರೆ ಇನ್ನೂ ಭಾರ. 2020ರಲ್ಲಿ ಬಂದ 2.4 ಆವೃತ್ತಿಯಿಂದ ಹುಡುಕಾಟಕ್ಕಾಗಿ ಎಲಾಸ್ಟಿಕ್‌ಸರ್ಚ್‌ನಂಥ ಪ್ರತ್ಯೇಕ ಸರ್ಚ್ ಎಂಜಿನ್ ಕೂಡ ಓಡುತ್ತಿರಲೇಬೇಕು. ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಆಗದ ಮಾತು.

ಒಂದು ಸನ್ನಿವೇಶ ನೋಡಿ. ಗಿರಾಕಿ ಹಣ ಕಟ್ಟಿದ್ದಾರೆ. ಹಣ ಕಡಿತವಾದ ಮೆಸೇಜ್ ಅವರ ಫೋನಿಗೆ ಬಂದಿದೆ. ನಿಮ್ಮ ಅಂಗಡಿಯಲ್ಲಿ ಮಾತ್ರ ಆರ್ಡರ್ ‘ಪಾವತಿ ಬಾಕಿ’ ಅಂತಲೇ ತೋರಿಸುತ್ತಿದೆ. ಹಣ ಬಂದಾಗ ಪೇಮೆಂಟ್ ಗೇಟ್‌ವೇ (ಗಿರಾಕಿಯ ಹಣ ಪಡೆದು ನಿಮಗೆ ತಲುಪಿಸುವ ಸೇವೆ) ನಿಮ್ಮ ಸರ್ವರ್‌ಗೆ ಒಂದು ಸಂದೇಶ ಕಳಿಸುತ್ತದೆ, ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಆ ಸಂದೇಶ ನಿಮ್ಮ ಅಂಗಡಿಯನ್ನು ಮುಟ್ಟಿಲ್ಲ. ಹೊಸದಾಗಿ ಹಾಕಿದ ಸೆಕ್ಯುರಿಟಿ ಪ್ಲಗಿನ್ ತಡೆದಿರಬಹುದು. ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಅಂಗಡಿಯ ವಿಳಾಸ ಬದಲಾಯಿಸಿ, ಗೇಟ್‌ವೇಯಲ್ಲಿ ಹಳೆಯದನ್ನೇ ಬಿಟ್ಟಿರಬಹುದು. ಹೊತ್ತು ಹೋದಷ್ಟೂ ಕೆಲಸ ಕೆಡುತ್ತದೆ. ವೂಕಾಮರ್ಸ್‌ನಲ್ಲಿ ಸ್ಟಾಕ್ ಲೆಕ್ಕ ಆನ್ ಇದ್ದು, ಸೆಟ್ಟಿಂಗ್ ಮುಟ್ಟದೆ ಬಿಟ್ಟಿದ್ದರೆ, ಹಣ ಬಾರದ ಆರ್ಡರ್ 60 ನಿಮಿಷದ ಬಳಿಕ ತಾನಾಗಿಯೇ ರದ್ದಾಗುತ್ತದೆ. ಹಣ ಕಟ್ಟಿದವರಿಗೆ ಆರ್ಡರ್ ರದ್ದು!

ಗೊತ್ತಿರುವವರು ಗೇಟ್‌ವೇ ಡ್ಯಾಶ್‌ಬೋರ್ಡ್ ತೆರೆದು ವೆಬ್‌ಹುಕ್ ಲಾಗ್ ನೋಡುತ್ತಾರೆ. ಉತ್ತರ 403 ಅಂತ ಬಂದಿದ್ದರೆ ಸರ್ವರ್ ಕಡೆಯೇ ಯಾವುದೋ ಬಾಗಿಲು ಮುಚ್ಚಿದೆ ಅಂತ ಅರ್ಥ. ತಡೆ ತೆಗೆದು, ಸಂದೇಶವನ್ನು ಮತ್ತೆ ಕಳಿಸಿ, ಕೆಲಸ ಮುಗಿಸುತ್ತಾರೆ. ಗೊತ್ತಿಲ್ಲದವರಿಗೆ ಇಡೀ ರಾತ್ರಿ ಹೋಗುತ್ತದೆ. ಬಾಡಿಗೆ ಸೇವೆಯಲ್ಲಿ ಈ ಜೋಡಣೆ ಹೆಚ್ಚಿನಂಶ ಕಂಪನಿಯ ಜವಾಬ್ದಾರಿ. ಆದರೆ ಅವರ ಇಡೀ ವ್ಯವಸ್ಥೆಯೇ ಕೆಟ್ಟು ನಿಂತ ದಿನ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅವರ ಸ್ಟೇಟಸ್ ಪುಟ ನೋಡುತ್ತಾ ಕಾಯಬೇಕು, ಅಷ್ಟೇ.

ಹಾಗಾಗಿ ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಅಪ್‌ಡೇಟ್ ಮಾಡುವವರು ಯಾರು? ಬ್ಯಾಕಪ್ ಸರಿಯಿದೆಯಾ ಅಂತ ನೋಡುವವರು ಯಾರು? ರಜೆಯ ದಿನ ಅಂಗಡಿ ನಿಂತರೆ ಫೋನ್ ಎತ್ತುವವರು ಯಾರು? ಒಂದೊಂದು ಸಾಲಿಗೂ ಒಬ್ಬರ ಹೆಸರು ಬರಬೇಕು. ‘ಯಾರಾದರೂ ಸಿಗುತ್ತಾರೆ’ ಅನ್ನುವುದು ಹೆಸರಲ್ಲ. ಮೂರರಲ್ಲಿ ಎರಡು ಸಾಲು ಖಾಲಿ ಉಳಿದರೆ, ನೀವೇ ನಡೆಸುವ ಓಪನ್ ಸೋರ್ಸ್ ಈಗ ಬೇಡ. ಬಾಡಿಗೆ ಸೇವೆ ತಗೊಳ್ಳಿ, ಇಲ್ಲವೇ ಮ್ಯಾನೇಜ್ಡ್ ಹೋಸ್ಟಿಂಗ್ ನೋಡಿ.

ಹಂತ 3: ಮೂರು ವರ್ಷದ ಖರ್ಚು ಕೂಡಿಸಿ

ಮೊದಲ ತಿಂಗಳ ಖರ್ಚು ನೋಡಿ ತೀರ್ಮಾನಿಸಿದರೆ ಓಪನ್ ಸೋರ್ಸೇ ಗೆಲ್ಲುತ್ತದೆ. ಮೊದಲ ದಿನದ ಅನುಕೂಲ ನೋಡಿದರೆ ಬಾಡಿಗೆ ಸೇವೆಯೇ ಗೆಲ್ಲುತ್ತದೆ. ಮೂರು ವರ್ಷದ ಲೆಕ್ಕ ಹಾಕಿದಾಗಲೇ ನಿಜ ಗೊತ್ತಾಗುವುದು.

ಓಪನ್ ಸೋರ್ಸ್ ಕಡೆ ಹೋಸ್ಟಿಂಗ್, ಡೊಮೈನ್ (ಅಂಗಡಿಯ ವೆಬ್ ವಿಳಾಸ), ಥೀಮ್, ಡೆವಲಪರ್ ಸಮಯ ಬರೆದುಕೊಳ್ಳಿ. ಪ್ಲಗಿನ್‌ಗಳನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ಜನ ಎಡವುವುದು ಅಲ್ಲೇ. ಮೂಲ ಸಾಫ್ಟ್‌ವೇರ್ ಉಚಿತ, ಆದರೆ ಚಂದಾದಾರಿಕೆ, ಬುಕಿಂಗ್, ಮುಂದುವರಿದ ಶಿಪ್ಪಿಂಗ್ ಲೆಕ್ಕ ಇಂಥವಕ್ಕೆ ಬೇಕಾದ ಪ್ಲಗಿನ್‌ಗಳು ಹೆಚ್ಚಾಗಿ ಹಣದವು. ಅವುಗಳ ಲೈಸೆನ್ಸ್ ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಿಸದಿದ್ದರೆ ಪ್ಲಗಿನ್ ಓಡುತ್ತಿರುತ್ತದೆ, ಆದರೆ ಅಪ್‌ಡೇಟ್ ಬರುವುದಿಲ್ಲ. ಅಲ್ಲಿಂದ ಮುಂದೆ ಅದೇ ಅಂಗಡಿಯ ದುರ್ಬಲ ಜಾಗ.

ಬಾಡಿಗೆ ಸೇವೆಯ ಕಡೆ ತಿಂಗಳ ಶುಲ್ಕದ ಜೊತೆ ಪ್ರತಿ ಆ್ಯಪ್‌ನ ಶುಲ್ಕ ಸೇರಿಸಿ. ಆಮೇಲೆ ವಹಿವಾಟಿನ ಮೇಲಿನ ಶೇಕಡಾವಾರು ಕಡಿತ ನೋಡಿ. ಶಾಪಿಫೈನಲ್ಲಿ ಅವರದೇ ಪೇಮೆಂಟ್ ವ್ಯವಸ್ಥೆ ಬಿಟ್ಟು ಬೇರೆ ಗೇಟ್‌ವೇ ಬಳಸಿದರೆ, ಗೇಟ್‌ವೇ ತಗೊಳ್ಳುವ ಹಣದ ಮೇಲೆ ಇವರದೂ ಒಂದು ಪಾಲು ಹೋಗುತ್ತದೆ. ಅವರ ಪೇಮೆಂಟ್ ವ್ಯವಸ್ಥೆ ಎಲ್ಲ ದೇಶಗಳಲ್ಲೂ ಇಲ್ಲ, ಅದನ್ನು ಮೊದಲು ವಿಚಾರಿಸಿ. ಬಿಗ್‌ಕಾಮರ್ಸ್ ಪ್ಲ್ಯಾನ್‌ಗಳು ವರ್ಷದ ಮಾರಾಟದ ಮಿತಿಯ ಮೇಲೆ ನಿಂತಿವೆ. ಮಿತಿ ದಾಟಿದರೆ ಮೇಲಿನ ಪ್ಲ್ಯಾನಿಗೆ ಹೋಗಬೇಕಾಗುತ್ತದೆ.

ಶೇಕಡಾ 2 ಅಂದರೆ ಕೇಳಲು ಸಣ್ಣದು. ಆದರೆ ಅದನ್ನು ಮಾರಾಟದ ಜೊತೆ ಹೋಲಿಸಬೇಡಿ, ಲಾಭದ ಜೊತೆ ಹೋಲಿಸಿ. 100ಕ್ಕೆ ಮಾರಿ 10 ಉಳಿಯುವ ವ್ಯಾಪಾರದಲ್ಲಿ 2 ಹೋದರೆ ಲಾಭದಲ್ಲಿ ಐದನೇ ಒಂದು ಭಾಗ ಹೋದ ಹಾಗೆ. 60 ಉಳಿಯುವ ವ್ಯಾಪಾರದಲ್ಲಿ ಅದೇ 2 ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆ ಲಾಭ, ಜಾಸ್ತಿ ಮಾರಾಟದವರಿಗೆ ಓಪನ್ ಸೋರ್ಸ್ ಯಾಕೆ ಗಿಟ್ಟುತ್ತದೆ ಅನ್ನುವುದಕ್ಕೆ ಮುಖ್ಯ ಕಾರಣ ಇದು.

ಹಂತ 4: ಕಾರ್ಡ್ ಮತ್ತು ಸುರಕ್ಷತೆ

ಕೋಡ್ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಓಪನ್ ಸೋರ್ಸ್ ಸುರಕ್ಷಿತವಲ್ಲ ಅನ್ನುವ ಮಾತಿದೆ. ಅದನ್ನು ನಾನು ಒಪ್ಪುವುದಿಲ್ಲ. ಅಪಾಯ ತರುವುದು ತೆರೆದ ಕೋಡ್ ಅಲ್ಲ, ಅಪ್‌ಡೇಟ್ ಮಾಡದ ಕೋಡ್. ಮಜೆಂಟೊ ಮೊದಲ ಆವೃತ್ತಿಯ ಕತೆ ಇದಕ್ಕೆ ಸಾಕ್ಷಿ. ಎರಡನೇ ಆವೃತ್ತಿ 2015ರಲ್ಲೇ ಬಂದಿತ್ತು. ಮೊದಲನೆಯದಕ್ಕೆ ಬೆಂಬಲ 2020ರ ಜೂನ್ 30ಕ್ಕೆ ನಿಲ್ಲುತ್ತದೆ ಅಂತ ಮುಂಚೆಯೇ ತಿಳಿಸಿದ್ದರು. ಆದರೂ ಎಷ್ಟೋ ಅಂಗಡಿಗಳು ಬದಲಾಗಲಿಲ್ಲ. ಅದಕ್ಕೂ ಕಾರಣವಿತ್ತು: ಹಳೆಯ ಥೀಮ್, ಎಕ್ಸ್‌ಟೆನ್ಶನ್ ಯಾವುದೂ ಹೊಸದರಲ್ಲಿ ಓಡುತ್ತಿರಲಿಲ್ಲ. ಅಂಗಡಿಯನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಬೇಕಿತ್ತು. ಅದೇ ವರ್ಷ ಸೆಪ್ಟೆಂಬರ್‌ನ ಒಂದೇ ವಾರಾಂತ್ಯದಲ್ಲಿ 2,000ದ ಹತ್ತಿರ ಮಜೆಂಟೊ ಅಂಗಡಿಗಳಿಗೆ ಕಾರ್ಡ್ ವಿವರ ಕದಿಯುವ ಕೋಡ್ ನುಗ್ಗಿತು. ಅವುಗಳಲ್ಲಿ ಹೆಚ್ಚಿನವು ಮೊದಲ ಆವೃತ್ತಿಯವೇ.

ಹಾಗಂತ ದೊಡ್ಡ ಕಂಪನಿ ಅಂದಾಕ್ಷಣ ಸುರಕ್ಷಿತ ಅಂತಲೂ ಅಲ್ಲ. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಸೈಟಿನಲ್ಲಿ ಒಂದು ಸ್ಕ್ರಿಪ್ಟ್ ಫೈಲಿಗೆ ಕೆಲವೇ ಸಾಲು ಕೋಡ್ ಸೇರಿಸಿ ಲಕ್ಷಾಂತರ ಗ್ರಾಹಕರ ವಿವರ ಕದ್ದರು. ಹಣ ಕಟ್ಟುವ ಪುಟದಲ್ಲಿ ಓಡುವ ಪ್ರತಿಯೊಂದು ಸ್ಕ್ರಿಪ್ಟೂ ಒಂದು ಬಾಗಿಲು. ಚಾಟ್ ಬಟನ್, ಜಾಹೀರಾತು ಲೆಕ್ಕ ಹಾಕುವ ಕೋಡ್, ರಿವ್ಯೂ ವಿಜೆಟ್, ಯಾವುದೇ ಇರಲಿ, ಅಲ್ಲಿ ಬೇಡ. ಈ ಮಾತು ಬಾಡಿಗೆ ಅಂಗಡಿಗೂ ಅನ್ವಯಿಸುತ್ತದೆ.

ಕಾರ್ಡ್ ತಗೊಳ್ಳುವ ಎಲ್ಲರಿಗೂ ಪಿಸಿಐ ಡಿಎಸ್‌ಎಸ್ ಅನ್ನುವ, ಕಾರ್ಡ್ ವಿವರ ಕಾಪಾಡುವ ನಿಯಮಾವಳಿ ಇದೆ. ಅಂಗಡಿ ಎಷ್ಟು ಸಣ್ಣದಿದ್ದರೂ ವಿನಾಯಿತಿ ಇಲ್ಲ. ಭಾರ ಇಳಿಸುವ ದಾರಿ ಒಂದೇ: ಕಾರ್ಡ್ ನಂಬರ್ ನಿಮ್ಮ ಸರ್ವರ್ ಮುಟ್ಟಲೇಬಾರದು. ಹಣ ಕಟ್ಟುವಾಗ ಗಿರಾಕಿ ಗೇಟ್‌ವೇಯ ಪುಟಕ್ಕೇ ಹೋಗಲಿ, ಇಲ್ಲವೇ ಕಾರ್ಡ್ ತುಂಬುವ ಚೌಕ ಗೇಟ್‌ವೇಯ ಸರ್ವರ್‌ನಿಂದಲೇ ಬರಲಿ. ಹೀಗೆ ಮಾಡಿದರೆ ನೀವು ತುಂಬಬೇಕಾದ ಸ್ವಯಂ ಪರಿಶೀಲನೆ ಪಟ್ಟಿ ತುಂಬಾ ಚಿಕ್ಕದಾಗುತ್ತದೆ. ಓಪನ್ ಸೋರ್ಸ್ ಆರಿಸಿದರೆ, ಪೇಮೆಂಟ್ ಪ್ಲಗಿನ್ ಈ ರೀತಿಯದೇ ಅಂತ ಖಾತ್ರಿ ಮಾಡಿಕೊಳ್ಳಿ. ಕಾರ್ಡ್ ವಿವರವನ್ನು ನಿಮ್ಮ ಡೇಟಾಬೇಸಿನಲ್ಲೇ ಇಟ್ಟುಕೊಳ್ಳೋಣ ಅನ್ನುವ ಡೆವಲಪರ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಹಂತ 5: ಸೇರುವ ಮೊದಲೇ ಹೊರಬರುವ ದಾರಿ ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ನಾನು ತುಂಬಾ ಒತ್ತಿ ಹೇಳುವ ಹಂತ ಇದೇ. ಬಾಡಿಗೆ ಸೇವೆಗಳಲ್ಲಿ ಉಚಿತ ಪ್ರಯೋಗದ ಅವಧಿ ಇರುತ್ತದೆ. ಆಗ ನಿಮ್ಮ ಹತ್ತು ವಸ್ತುಗಳನ್ನು ಸೇರಿಸಿ, ಎರಡು ಸುಳ್ಳು ಆರ್ಡರ್ ಹಾಕಿ, ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ. ಸಿಎಸ್‌ವಿ ಫೈಲ್ ಬರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಒಂದೊಂದು ಕಾಲಂ ನೋಡಿ.

ಹೆಸರು, ಬೆಲೆ, ಸೈಜು, ಬಣ್ಣ ಇರುತ್ತವೆ. ಫೋಟೋ ಕಾಲಂನಲ್ಲಿ ಫೋಟೋ ಇರುವುದಿಲ್ಲ, ಅವರ ಸರ್ವರ್‌ನಲ್ಲಿರುವ ಫೋಟೋದ ಲಿಂಕ್ ಇರುತ್ತದೆ. ಖಾತೆ ಮುಚ್ಚಿದ ಮೇಲೆ ಆ ಲಿಂಕನ್ನು ನಂಬಿ ಕೂರುವ ಹಾಗಿಲ್ಲ. ಅದಕ್ಕೆ ಮೂಲ ಫೋಟೋಗಳನ್ನು ಯಾವಾಗಲೂ ನಿಮ್ಮಲ್ಲೇ ಇಟ್ಟುಕೊಳ್ಳಿ. ಗಿರಾಕಿಗಳ ಹೆಸರು, ಇಮೇಲ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ಅಂದರೆ ಹೊಸ ಅಂಗಡಿಗೆ ಹೋದಾಗ ಎಲ್ಲರೂ ಹೊಸ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ರಿವ್ಯೂಗಳು ಬೇರೆ ಆ್ಯಪ್‌ನಲ್ಲಿದ್ದರೆ ಆ ಆ್ಯಪ್‌ನಿಂದಲೇ ತೆಗೆಯಬೇಕು. ತಿಂಗಳ ಚಂದಾ ಮಾರುವವರು ಇನ್ನೂ ಹುಷಾರಾಗಿರಬೇಕು. ಉಳಿಸಿಟ್ಟ ಕಾರ್ಡ್‌ಗಳ ಟೋಕನ್ (ಕಾರ್ಡ್ ನಂಬರಿನ ಬದಲು ಬಳಸುವ ಗುರುತು) ಗೇಟ್‌ವೇ ಕೈಯಲ್ಲಿರುತ್ತದೆ. ಅದನ್ನು ಬೇರೆ ಕಡೆ ಸಾಗಿಸಲು ಅವರು ಒಪ್ಪದಿದ್ದರೆ, ಪ್ರತಿ ಗಿರಾಕಿಯೂ ಮತ್ತೆ ಕಾರ್ಡ್ ಹಾಕಬೇಕು. ಜುಟ್ಟು ಅವರ ಕೈಗೆ ಹೋಗುವ ಮೊದಲೇ ಇದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಓಪನ್ ಸೋರ್ಸ್‌ನಲ್ಲಿ ಡೇಟಾಬೇಸ್ ಪೂರ್ತಿ ನಿಮ್ಮದೇ. ಹೋಸ್ಟಿಂಗ್ ಕಂಪನಿ ಸರಿಯಿಲ್ಲ ಅಂದರೆ ಫೈಲು, ಡೇಟಾಬೇಸ್ ಎರಡನ್ನೂ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಈ ಸ್ವಾತಂತ್ರ್ಯವೇ ಅದರ ದೊಡ್ಡ ಬಲ. ಆದರೆ ಇಲ್ಲೂ ಸಿಕ್ಕಿಕೊಳ್ಳುವ ಜಾಗವಿದೆ. ಮಾಹಿತಿಯನ್ನೆಲ್ಲ ತನ್ನದೇ ರೀತಿಯಲ್ಲಿ ಇಟ್ಟುಕೊಳ್ಳುವ ಪ್ಲಗಿನ್ ಅಥವಾ ಪೇಜ್ ಬಿಲ್ಡರ್ (ಪುಟಗಳನ್ನು ಎಳೆದು ಜೋಡಿಸಿ ಕಟ್ಟುವ ಸಾಧನ) ಹಾಕಿಕೊಂಡರೆ, ಅದನ್ನು ತೆಗೆದ ದಿನ ಪುಟಗಳು ಚೆಲ್ಲಾಪಿಲ್ಲಿಯಾಗುತ್ತವೆ. ಮೂಲ ಸಾಫ್ಟ್‌ವೇರೇ ಬದಲಾಗುವುದೂ ಉಂಟು. ವೂಕಾಮರ್ಸ್ ಮೊದಲು ಆರ್ಡರ್‌ಗಳನ್ನು ವರ್ಡ್‌ಪ್ರೆಸ್‌ನ ಪೋಸ್ಟ್‌ಗಳ ಟೇಬಲ್‌ನಲ್ಲೇ ಇಡುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ 8.2 ಆವೃತ್ತಿಯಿಂದ ಹೊಸ ಅಂಗಡಿಗಳಲ್ಲಿ ಆರ್ಡರ್‌ಗಳಿಗೆ ಪ್ರತ್ಯೇಕ ಟೇಬಲ್ ಬಂತು. ಬದಲಾವಣೆ ಒಳ್ಳೆಯದೇ, ಅಂಗಡಿ ವೇಗವಾಗುತ್ತದೆ. ಆದರೆ ಹಳೆಯ ಟೇಬಲ್ಲನ್ನೇ ನೇರವಾಗಿ ಓದುವ ಪ್ಲಗಿನ್‌ಗಳು ಹೊಸದಕ್ಕೆ ಹೊಂದುವುದಿಲ್ಲ. ಪ್ಲಗಿನ್ ಆರಿಸುವಾಗ ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ ಅಂತ ನೋಡುವುದು ಇದಕ್ಕೇ.

ಹಂತ 6: ಎರಡನ್ನೂ ಕೈಯಾರೆ ಮಾಡಿ ನೋಡಿ

ಪಟ್ಟಿಯಲ್ಲಿ ಎರಡೇ ಹೆಸರು ಉಳಿಸಿಕೊಳ್ಳಿ. ಎರಡರಲ್ಲೂ ಅದೇ ಹತ್ತು ವಸ್ತುಗಳನ್ನು ಹಾಕಿ. ನಿಮ್ಮ ಅತಿ ಕಷ್ಟದ ವಸ್ತು ಅದರಲ್ಲಿ ಇರಲೇಬೇಕು. ಆಮೇಲೆ ಅಂಗಡಿ ನೋಡಿಕೊಳ್ಳುವವರ ಕೈಗೆ ಕೊಡಿ. ಬೆಲೆ ಬದಲಾಯಿಸಲಿ, ಆರ್ಡರ್ ರದ್ದು ಮಾಡಲಿ, ಅರ್ಧ ಹಣ ವಾಪಸ್ ಕಳಿಸಲಿ, ಬಿಲ್ ಪ್ರಿಂಟ್ ತೆಗೆಯಲಿ. ದಿನಾ ಮಾಡುವ ಕೆಲಸ ಇದೇ ಅಲ್ವಾ? ಥೀಮ್ ಚೆಂದ ನೋಡಿ ಮರುಳಾಗಬೇಡಿ. ಆರ್ಡರ್ ಪುಟದಲ್ಲಿ ಎಷ್ಟು ಕ್ಲಿಕ್ ಬೇಕು ಅಂತ ಎಣಿಸಿ.

ಚೆಕ್‌ಔಟ್ ಪರೀಕ್ಷೆಯನ್ನು ಫೋನಿನಲ್ಲೇ ಮಾಡಿ, ಅದೂ ನೆಟ್‌ವರ್ಕ್ ನಿಧಾನ ಇರುವ ಕಡೆ. ಕಾರ್ಡ್ ವಿಫಲವಾದಾಗ ಏನು ಬರುತ್ತದೆ ನೋಡಿ. ಬುಟ್ಟಿ ಖಾಲಿಯಾಗಿಬಿಟ್ಟರೆ ಆ ಗಿರಾಕಿ ಮತ್ತೆ ಬರುವುದು ಅನುಮಾನ. ಬೆಂಬಲವನ್ನೂ ಪರೀಕ್ಷಿಸಿ. ಬಾಡಿಗೆ ಸೇವೆಗೆ ನಿಜವಾದ ಒಂದು ಪ್ರಶ್ನೆ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತು, ಪ್ರಶ್ನೆ ಓದಿ ಬರೆದಿದ್ದಾರಾ ನೋಡಿ.

ಲೈಸೆನ್ಸ್ ಬಗ್ಗೆ ಎರಡು ಮಾತು ಸಾಕು. ವೂಕಾಮರ್ಸ್, ಓಪನ್‌ಕಾರ್ಟ್ ಜಿಪಿಎಲ್ ಅಡಿ ಬರುತ್ತವೆ. ಮಜೆಂಟೊ ಓಪನ್ ಸೋರ್ಸ್, ಪ್ರೆಸ್ಟಾಶಾಪ್ ಓಎಸ್‌ಎಲ್ ಅಡಿ ಬರುತ್ತವೆ. ಬರೀ ಅಂಗಡಿ ನಡೆಸುವವರಿಗೆ ಇದರಿಂದ ತೊಂದರೆಯಿಲ್ಲ. ಸಾಫ್ಟ್‌ವೇರನ್ನೇ ಬದಲಾಯಿಸಿ ಬೇರೆಯವರಿಗೆ ಕೊಡುವ, ಮಾರುವ ಯೋಚನೆ ಇದ್ದರೆ ಷರತ್ತು ಓದಿ.

ಹಂತ 7: ಈಗ ತೀರ್ಮಾನ ಮಾಡಿ

ಮೊದಲ ಸಲ ಮಾರುತ್ತಿದ್ದೀರಿ, ವಸ್ತುಗಳು ಸರಳ, ಜೊತೆಗೆ ತಾಂತ್ರಿಕ ಕೆಲಸ ಬಲ್ಲವರಿಲ್ಲ. ಹಾಗಾದರೆ ಬಾಡಿಗೆ ಸೇವೆಯನ್ನೇ ಹಿಡಿಯಿರಿ. ನಿಮ್ಮ ಸಮಯ ಒಳ್ಳೆಯ ಫೋಟೋ, ಸರಿಯಾದ ವಿವರಣೆ, ಗಿರಾಕಿಗಳ ಜೊತೆ ಮಾತಿಗೆ ಹೋಗಲಿ. ಸರ್ವರ್ ಕಲಿಯಲು ಹೋಗಿ ವ್ಯಾಪಾರ ಹಿಂದೆ ಬೀಳುವುದು ಬೇಡ.

ಈಗಾಗಲೇ ವರ್ಡ್‌ಪ್ರೆಸ್ ಸೈಟ್ ಇದೆ, ಓದುಗರಿದ್ದಾರೆ, ನೋಡಿಕೊಳ್ಳುವವರೂ ಇದ್ದಾರೆ ಅಂದರೆ ವೂಕಾಮರ್ಸ್ ಸಹಜ ಆಯ್ಕೆ. ಲಾಭ ಕಡಿಮೆ ಇದ್ದು ಮಾರಾಟ ಜಾಸ್ತಿ ಇರುವವರು, ಬೆಲೆ ಲೆಕ್ಕ ವಿಚಿತ್ರವಾಗಿರುವವರು, ಡೇಟಾ ಇಂಥ ಕಡೆಯೇ ಇರಬೇಕು ಅನ್ನುವ ಕಾನೂನಿನ ಕಟ್ಟುಪಾಡು ಇರುವವರು ಓಪನ್ ಸೋರ್ಸ್ ಕಡೆ ಹೋಗುವುದು ಸರಿ. ಮಜೆಂಟೊಗೆ ಮಾತ್ರ ಖಾಯಂ ಡೆವಲಪರ್ ಇಲ್ಲದೆ ಕೈ ಹಾಕಬೇಡಿ. ಅದರ ಶಕ್ತಿ ದೊಡ್ಡದು, ಸಣ್ಣ ಅಂಗಡಿಗೆ ಅದರ ಆರೈಕೆಯೇ ಹೊರೆ.

ಹಂತ 8: ಆರಿಸಿದ ಮೇಲೆ ಮೊದಲ ವಾರ

ಡೊಮೈನ್ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ಕೊಳ್ಳಿ. ಡೆವಲಪರ್ ಹೆಸರಲ್ಲಿ ಬೇಡ. ಸಾಧ್ಯವಾದರೆ ಅಂಗಡಿ ಸೇವೆಯಿಂದ ಬೇರೆ ಕಡೆ ಕೊಳ್ಳಿ. ಸಾಫ್ಟ್‌ವೇರ್ ಬದಲಾದರೂ ಅಂಗಡಿಯ ವಿಳಾಸ ಉಳಿಯುವುದು ಇದರಿಂದಲೇ. ಪೇಮೆಂಟ್ ಗೇಟ್‌ವೇ ಖಾತೆಯೂ ಹಾಗೇ. ಅಡ್ಮಿನ್ ಲಾಗಿನ್‌ಗೆ ಎರಡು ಹಂತದ ದೃಢೀಕರಣ ಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಕೊಡಿ.

ಓಪನ್ ಸೋರ್ಸ್ ಆದರೆ ಅಂಗಡಿಯ ಒಂದು ನಕಲನ್ನು ಬೇರೆ ವಿಳಾಸದಲ್ಲಿ ಇಟ್ಟುಕೊಳ್ಳಿ. ಯಾವ ಅಪ್‌ಡೇಟ್ ಬಂದರೂ ಮೊದಲು ಅಲ್ಲಿ ಹಾಕಿ, ಒಂದು ಆರ್ಡರ್ ಪೂರ್ತಿ ಮಾಡಿ ನೋಡಿ, ಆಮೇಲೆ ನಿಜವಾದ ಅಂಗಡಿಗೆ ಹಾಕಿ. ಬ್ಯಾಕಪ್ ಬೇರೆ ಸರ್ವರ್‌ನಲ್ಲಿರಲಿ. ಅದನ್ನು ಒಮ್ಮೆ ಆ ನಕಲಿನ ಮೇಲೆ ಮರಳಿ ಹಾಕಿ ನೋಡಿ. ಹಾಗೆ ಹಾಕಿ ನೋಡದ ಬ್ಯಾಕಪ್ ಇದ್ದರೂ ಇಲ್ಲದ ಲೆಕ್ಕವೇ.

ಬಾಡಿಗೆ ಸೇವೆಯಾದರೆ ತಿಂಗಳಿಗೊಮ್ಮೆ ವಸ್ತು, ಗಿರಾಕಿ, ಆರ್ಡರ್ ಮೂರನ್ನೂ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಕಂಪ್ಯೂಟರಿನಲ್ಲಿ ಇಡಿ. ಗಿರಾಕಿಗಳ ಮಾಹಿತಿ ಇರುವ ಫೈಲ್ ಅದು, ಪಾಸ್‌ವರ್ಡ್ ಹಾಕಿ ಇಡಿ. ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ, ಸುಮ್ನೆ ಶುಲ್ಕ ಹೋಗುತ್ತಿರುತ್ತದೆ. ವಸ್ತುಗಳ ಪುಟದ ವಿಳಾಸಗಳ ಪಟ್ಟಿಯನ್ನೂ ಉಳಿಸಿಕೊಳ್ಳಿ. ಮುಂದೆ ಬೇರೆ ಸಾಫ್ಟ್‌ವೇರಿಗೆ ಹೋದಾಗ ವಿಳಾಸಗಳ ರೂಪ ಬದಲಾಗುತ್ತದೆ. ಆಗ ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕದಿದ್ದರೆ ಗೂಗಲ್‌ನಿಂದ ಬರುವವರೆಲ್ಲ ಖಾಲಿ ಪುಟಕ್ಕೆ ಬರುತ್ತಾರೆ. ಆ ಪಟ್ಟಿ ಕೈಯಲ್ಲಿದ್ದರೆ ಡೆವಲಪರ್‌ಗೆ ಅದು ಒಂದು ದಿನದ ಕೆಲಸ. ಇಲ್ಲದಿದ್ದರೆ ಒಂದೊಂದೇ ಪುಟ ಹುಡುಕಿ ಜೋಡಿಸುತ್ತಾ ಕೂರಬೇಕಾಗುತ್ತದೆ.